ಸಾವಾದ ಮನೆಗೂ ಪಾಸ್ಕ ಹಬ್ಬ



ಇಂದು ಪೂಜೆಗೆ ಬಾರದೆ ಮನೆಯಲ್ಲೇ ಉಳಿದವರನ್ನು ಮೊದಲು ನೆನೆಯೋಣ. ದಂಡಿಗನಹಳ್ಳಿಯಿರಲಿ, ಹೊಳೆನರಸೀಪುರ, ಅರಕಲಗೂಡಿನ ಕಡೆಯಿರಲಿ, ಸಾವಾದ ಮನೆಯಲ್ಲಿ ಆ ವರ್ಷ ಹಬ್ಬವಿಲ್ಲ ಎಂಬ ಮಾತನ್ನು ನಾವೆಲ್ಲ ಕೇಳಿದ್ದೇವೆ. ಯುಗಾದಿಗೆ ಒಬ್ಬಟ್ಟು ಬೇಯುವುದಿಲ್ಲ, ಹೊಸ ಬಟ್ಟೆ ಬರುವುದಿಲ್ಲ. ನಮ್ಮ ಕ್ರೈಸ್ತ ಮನೆಗಳಲ್ಲೂ "ಈ ವರ್ಷ ನಮಗೆ ಹಬ್ಬ ಇಲ್ಲ ಫಾದರ್" ಎನ್ನುವವರಿದ್ದಾರೆ. ಗಂಡನನ್ನು ಕಳೆದುಕೊಂಡ ತಾಯಿಯಂತೂ ದೇವಾಲಯಕ್ಕೆ ಬಂದರೂ ಹಿಂದಿನ ಗೋಡೆಗೆ ಒರಗಿ ನಿಲ್ಲುತ್ತಾಳೆ.

ಯೇಸುಸ್ವಾಮಿ ಹುಟ್ಟಿ ಬೆಳೆದ ಯೆಹೂದ್ಯ ಜನರೂ ದುಃಖಕ್ಕೆ ದೊಡ್ಡ ಸ್ಥಾನ ಕೊಟ್ಟವರು. ಹತ್ತಿರದವರು ತೀರಿಕೊಂಡರೆ ಅವರು 7 ದಿನ ಮನೆಯಲ್ಲೇ ಕುಳಿತು ಶೋಕಿಸುತ್ತಾರೆ. ಮಣ್ಣು ಮಾಡಿ ಬಂದ ಮೇಲೆ ಮೊದಲ ಊಟವನ್ನು ನೆರೆಯವರು ತಂದುಕೊಡುತ್ತಾರೆ. ನಮ್ಮಲ್ಲೂ ಒಲೆ ಹಚ್ಚದ ಮನೆಗೆ ನೆರೆಯವರು ಅನ್ನ ತರುವುದಿಲ್ಲವೇ? ತಂದೆತಾಯಿಗಾಗಿ ಅವರ ಶೋಕ 12 ತಿಂಗಳು ನಡೆಯುತ್ತದೆ. ಆಗ ಹಾಡು ಕುಣಿತದ ಕೂಟಗಳಿಂದ ದೂರ ಇರುತ್ತಾರೆ.

ಆದರೆ ಆ 7 ದಿನಗಳ ನಡುವೆ ಪಾಸ್ಕ ಹಬ್ಬ ಬಂದರೆ, ಆ ಶೋಕಾಚರಣೆ ಅಲ್ಲಿಗೇ ಮುಗಿಯುತ್ತದೆ. ಹಬ್ಬದ ನಡುವೆಯೇ ಮಣ್ಣು ಮಾಡಿದರೆ, ಹಬ್ಬ ಕಳೆದ ಮೇಲೆ ಅದು ಆರಂಭವಾಗುತ್ತದೆ. ದುಃಖ ಒಂದು ಮನೆಯದು, ಹಬ್ಬ ಇಡೀ ದೇವಜನರದು ಎಂಬುದೇ ಇದಕ್ಕೆ ಕಾರಣ. ಹಾಗೆಂದು ಸತ್ತವರನ್ನು ಅವರು ಮರೆಯುವುದಿಲ್ಲ. ಅನೇಕ ಪ್ರಾರ್ಥನಾಮಂದಿರಗಳಲ್ಲಿ ಪಾಸ್ಕದ ಕೊನೆಯ ದಿನವೇ ಅಗಲಿದವರನ್ನು ಸ್ಮರಿಸುತ್ತಾರೆ. ಧರ್ಮೋಪದೇಶಕಾಂಡದ 16ನೇ ಅಧ್ಯಾಯವಂತೂ ಹಬ್ಬದಲ್ಲಿ ಸಂತೋಷಪಡಬೇಕಾದವರ ಪಟ್ಟಿಯಲ್ಲಿ ಅನಾಥರನ್ನೂ ವಿಧವೆಯರನ್ನೂ ಸೇರಿಸಿದೆ.

ಪ್ರಿಯರೇ, ಮೊದಲ ಪಾಸ್ಕದ ಮುಂಜಾನೆಯನ್ನು ನೋಡಿ. ಸ್ವಾಮಿಯನ್ನು ಸಮಾಧಿ ಮಾಡಿದ್ದನ್ನು ಕಂಡ ಮಹಿಳೆಯರು ಅಷ್ಟು ನೋವಿನಲ್ಲೂ ಸಬ್ಬತ್ ದಿನವನ್ನು ಪಾಲಿಸಿದರು ಎನ್ನುತ್ತಾನೆ ಸಂತ ಲೂಕ. ಮರುದಿನ ಸುಗಂಧದ್ರವ್ಯ ಹಿಡಿದು ಸಮಾಧಿಗೆ ಹೊರಟರು. ಪುನರುತ್ಥಾನದ ಸುದ್ದಿ ಮೊದಲು ತಲುಪಿದ್ದು ಅಳುತ್ತಿದ್ದ ಈ ಮಹಿಳೆಯರಿಗೆ. ಹಾಗಿರುವಾಗ ಸಾವಾದ ಮನೆಗೆ ಪಾಸ್ಕ ಇಲ್ಲವೆಂದು ನಾವು ಹೇಳುವುದು ಹೇಗೆ?

ನಿನ್ನೆ ರಾತ್ರಿ ನಾವು ಹಚ್ಚಿದ ಪಾಸ್ಕದ ಮೇಣದಬತ್ತಿಯನ್ನು ಗಮನಿಸಿ. ದೀಕ್ಷಾಸ್ನಾನದಂದು ಉರಿಯುವ ಈ ಬತ್ತಿಯೇ ಶವಸಂಸ್ಕಾರದ ದಿನ ಶವಪೆಟ್ಟಿಗೆಯ ಬಳಿಯೂ ಉರಿಯುತ್ತದೆ. ದುಃಖದ ಮನೆಯವರಿಗೆ ಇದಕ್ಕಿಂತ ಹತ್ತಿರದ ಹಬ್ಬ ಯಾವುದಿದೆ?

ಹೊಸ ಬಟ್ಟೆ ತೊಡಲು ಮನಸ್ಸಿಲ್ಲದಿದ್ದರೆ ಬೇಡ. ಕಣ್ಣೀರು ಬಂದರೆ ಬರಲಿ, ಅದು ಅವಿಶ್ವಾಸವಲ್ಲ. ಆದರೆ ಬಲಿಪೂಜೆಯನ್ನು ಬಿಡಬೇಡಿ. ನೆರೆಯವರಾದ ನಾವು ಇಂದೇ ಆ ಮನೆಗೆ ಹೋಗೋಣ, ಹಬ್ಬದ ಊಟದಲ್ಲಿ ಒಂದು ಪಾಲು ಒಯ್ಯೋಣ. ಮುಂದಿನ ಭಾನುವಾರ ಅವರನ್ನು ಜೊತೆಗೆ ಕರೆತರೋಣ. ಹಿಂದೆ ನಿಂತ ತಾಯಿಯನ್ನು ಕೈಹಿಡಿದು ಮುಂದಿನ ಸಾಲಿನಲ್ಲಿ ಕೂರಿಸೋಣ.

ಪುನರುತ್ಥಾನರಾದ ಪ್ರಭು ದುಃಖದಲ್ಲಿರುವ ಎಲ್ಲ ಮನೆಗಳಿಗೂ ತಮ್ಮ ಶಾಂತಿಯನ್ನು ದಯಪಾಲಿಸಲಿ. ಆಮೆನ್.