ಸಭೆಯ ಪುಸ್ತಕದಲ್ಲೊಂದು ಹೆಸರು

ಸುಗ್ಗಿ ಹಬ್ಬದ ಭಾನುವಾರ ಚರ್ಚಿನ ಅಂಗಳಕ್ಕೆ ಜೋಳದ ಚೀಲ, ತೊಗರಿ, ಕುಂಬಳಕಾಯಿ, ಕಾಲು ಕಟ್ಟಿದ ಕೋಳಿ ಬಂದು ಸೇರುತ್ತವೆ. ಆರಾಧನೆ ಮುಗಿದ ಮೇಲೆ ಸವಾಲು. ಸಂತೆಯಲ್ಲಿ ಅರ್ಧ ದುಡ್ಡಿಗೆ ಸಿಗುವ ಕೋಳಿಯ ಬೆಲೆ ಇಲ್ಲಿ ಏರುತ್ತಲೇ ಹೋಗುತ್ತದೆ. ಗೆದ್ದವನು ಅದನ್ನು ಮನೆಗೆ ಒಯ್ಯದೆ ಮತ್ತೆ ಸಭೆಗೇ ಬಿಟ್ಟುಕೊಡುವುದುಂಟು. ಆಗ ಅದೇ ಕೋಳಿ ಎರಡನೇ ಸಲ ಸವಾಲಿಗೆ ನಿಲ್ಲುತ್ತದೆ. ಮೂಲೆಯಲ್ಲಿ ಕೂತ ಖಜಾಂಚಿ ಪ್ರತಿ ಸಲವೂ ಹೆಸರು, ಮೊತ್ತ ಬರೆದುಕೊಳ್ಳುತ್ತಾರೆ. ಕೆಲವರದು ಅಲ್ಲೇ ನಗದು, ಕೆಲವರದು ಉದ್ರಿ.

ಕ್ರಿಸ್ತನನ್ನು ನಂಬುವುದು ಒಬ್ಬರ ಮನಸ್ಸಿನ ವಿಷಯ. ಒಂದು ಊರಿನ ಸಭೆಗೆ ಸೇರಿರುವುದು ಅಷ್ಟಕ್ಕೇ ಮುಗಿಯುವುದಿಲ್ಲ. ಅದು ಇನ್ನೊಬ್ಬರ ಲೆಕ್ಕಕ್ಕೆ ಸಿಗುವ ಒಪ್ಪಂದವೂ ಹೌದು. ಯಾರು ಕೊಟ್ಟರು, ಯಾರಿಂದ ಆಗಲಿಲ್ಲ, ಯಾರು ಎರಡು ವಾರದಿಂದ ಕಾಣಲಿಲ್ಲ, ಯಾರ ಮನೆಯಲ್ಲಿ ಜಡ್ಡು, ಯಾರು ಗುಳೆ ಹೋದರು ಎಂಬುದೆಲ್ಲ ಸಭೆಗೆ ಗೊತ್ತಿರುತ್ತದೆ. 2011ರ ಜನಗಣತಿಯಲ್ಲಿ ಯಾದಗಿರಿ ಜಿಲ್ಲೆಯ ಜನಸಂಖ್ಯೆ 11.74 ಲಕ್ಷ. ಅದರಲ್ಲಿ ಕ್ರೈಸ್ತರದು ತೀರ ಸಣ್ಣ ಪಾಲು. ಯಾದಗಿರಿ, ಶಹಾಪುರ, ಸುರಪುರದ ಮೆಥೋಡಿಸ್ಟ್ ಸಭೆಗಳಲ್ಲಿ ಒಬ್ಬರು ಗೈರಾದರೂ ಬೆಂಚು ಖಾಲಿ ಕಾಣುವುದು ಅದಕ್ಕೇ.

ಬ್ರಿಸ್ಟಲ್‌ನ ಪೆನ್ನಿ

ಈ ಲೆಕ್ಕದ ಕಥೆ ಶುರುವಾದದ್ದು ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ. 1742ರಲ್ಲಿ ಮೆಥೋಡಿಸ್ಟ್ ಪಂಥದ ಮೂಲಪುರುಷ ಜಾನ್ ವೆಸ್ಲಿಯವರ ಅನುಯಾಯಿಗಳು ಅಲ್ಲಿನ ಪ್ರಾರ್ಥನಾ ಮಂದಿರದ ಸಾಲ ತೀರಿಸುವುದು ಹೇಗೆಂದು ಕೂಡಿ ಮಾತಾಡಿದರು. ವಾರಕ್ಕೆ ತಲೆಗೊಂದು ಪೆನ್ನಿ ಕೊಡೋಣ ಎಂದರು ಕ್ಯಾಪ್ಟನ್ ಫಾಯ್. ಬಡವರು ಎಲ್ಲಿಂದ ತಂದಾರು ಎಂಬ ಪ್ರಶ್ನೆ ಎದ್ದಿತು. ತೀರ ಬಡವರಾದ ಹನ್ನೊಂದು ಜನರನ್ನು ತನ್ನ ಪಾಲಿಗೆ ಬಿಡಿ, ವಾರವಾರ ಅವರ ಮನೆಗೆ ಹೋಗುವೆ, ಕೊಡಲಾಗದವರದನ್ನು ತಾನೇ ತುಂಬುವೆ ಎಂದು ಫಾಯ್ ಹೊಣೆ ಹೊತ್ತರು. ವಸೂಲಿಗೆ ಹೋದವರಿಗೆ ಮನೆಯೊಳಗಿನ ಕಷ್ಟ, ಕುಡಿತ, ಜಗಳ ಎಲ್ಲವೂ ಕಣ್ಣಿಗೆ ಬಿತ್ತು. ಸಭೆಯನ್ನು ಕಾಯಲು ಇದೇ ದಾರಿ ಎಂದು ವೆಸ್ಲಿ ಕಂಡುಕೊಂಡರು. ‘ಕ್ಲಾಸ್’ ಎಂಬ ಸಣ್ಣ ಗುಂಪು, ಅದನ್ನು ನೋಡಿಕೊಳ್ಳುವ ‘ಕ್ಲಾಸ್ ಲೀಡರ್’ ಹುಟ್ಟಿದ್ದು ಹೀಗೆ.

ಆ ಪದ್ಧತಿಯನ್ನು 1870ರ ದಶಕದ ಆರಂಭದಲ್ಲಿ ಮುಂಬೈಗೆ ತಂದವರು ಅಮೆರಿಕದ ಮೆಥೋಡಿಸ್ಟ್ ಬೋಧಕ ವಿಲಿಯಂ ಟೇಲರ್. ಸುರಪುರದವರಿಗೆ ಟೇಲರ್ ಎಂದರೆ ಥಟ್ಟನೆ ನೆನಪಾಗುವುದು ಅಲ್ಲಿನ ಬಂಗಲೆ ಟೇಲರ್ ಮಂಜಿಲ್‌ನ ಮೆಡೋಸ್ ಟೇಲರ್. ಆಡಳಿತಗಾರರೂ ಕಾದಂಬರಿಕಾರರೂ ಆಗಿದ್ದ ಅವರು ಬೇರೆ, ಈ ಬೋಧಕರು ಬೇರೆ. ಸಭೆಗಳು ಹೊರದೇಶದ ಹಣಕ್ಕೆ ಕೈಚಾಚದೆ ತಮ್ಮ ಕಾಲ ಮೇಲೆ ನಿಲ್ಲಬೇಕು ಎಂಬುದು ಇವರ ಹಟ. 1871ರ ಹೊತ್ತಿಗೆ ಮುಂಬೈ–ರಾಯಚೂರು ರೈಲು ಹಳಿ ಯಾದಗಿರಿಯನ್ನು ಹಾದುಹೋಗಿ ಮುಂಬೈಯಿಂದ ಈ ಕಡೆಗೆ ದಾರಿ ತೆರೆದಿತ್ತು. ಆಗ ನಿಜಾಮರ ಸೀಮೆಯಾಗಿದ್ದ ಇಲ್ಲಿಗೆ ಬಂದ ಮಿಷನ್ ಮಾತ್ರ ಹೊರಗಿನ ನೆರವಿನಿಂದಲೇ ಶಾಲೆ, ಆಸ್ಪತ್ರೆ ಕಟ್ಟಿತು. ಯಾದಗಿರಿಯ ಹೋಲ್ಸ್ಟನ್ ಆಸ್ಪತ್ರೆಯ ಹೆಸರಿನಲ್ಲಿ ಅಮೆರಿಕದ ಮೆಥೋಡಿಸ್ಟರ ಹೋಲ್ಸ್ಟನ್ ಕಾನ್ಫರೆನ್ಸ್‌ನ ನೆನಪು ಇಂದಿಗೂ ಉಳಿದಿದೆ.

1947ರ ಸೆಪ್ಟೆಂಬರ್ 27ರಂದು ಮದ್ರಾಸಿನಲ್ಲಿ ಹಲವು ಪ್ರೊಟೆಸ್ಟಂಟ್ ಸಭೆಗಳು ಒಂದಾಗಿ ಸಿ.ಎಸ್.ಐ. (ಚರ್ಚ್ ಆಫ್ ಸೌತ್ ಇಂಡಿಯಾ) ಆದಾಗ ಅಮೆರಿಕನ್ ಮೂಲದ ಮೆಥೋಡಿಸ್ಟರು ಹೊರಗುಳಿದರು. ಮೈಸೂರಿನ ಬ್ರಿಟಿಷ್ ಮೂಲದ ವೆಸ್ಲಿಯನ್ ಮೆಥೋಡಿಸ್ಟರು ಸಿ.ಎಸ್.ಐ. ಸೇರಿದರು, ಕಲ್ಯಾಣ ಕರ್ನಾಟಕದ ಈ ಸಭೆಗಳು 1981ರ ಜನವರಿಯಲ್ಲಿ ಸ್ವಾಯತ್ತವಾದ ಭಾರತದ ಮೆಥೋಡಿಸ್ಟ್ ಸಭೆಯಲ್ಲಿ ಉಳಿದವು.

ಪಾಸ್ಟರ್ ಹೋದರೂ ಉಳಿಯುವವರು

ಮೆಥೋಡಿಸ್ಟ್ ಪದ್ಧತಿಯಲ್ಲಿ ಪಾಸ್ಟರನ್ನು ಸಭೆ ಆರಿಸಿಕೊಳ್ಳುವುದಿಲ್ಲ. ಬಿಷಪ್ಪರು ನೇಮಿಸುತ್ತಾರೆ, ವಾರ್ಷಿಕ ಕಾನ್ಫರೆನ್ಸ್‌ನಲ್ಲಿ ನೇಮಕದ ಪಟ್ಟಿ ಓದುತ್ತಾರೆ. ಕೆಲವು ವರ್ಷಕ್ಕೊಮ್ಮೆ ವರ್ಗಾವಣೆ ಬಂದೇ ಬರುತ್ತದೆ. ಉಳಿಯುವವರು ಸದಸ್ಯರು. ಹೊಸ ಪಾಸ್ಟರಿಗೆ ಮನೆಮನೆಯ ಗುರುತು ಹೇಳುವವರು ಸಭೆಯ ವ್ಯವಸ್ಥೆ ನೋಡಿಕೊಳ್ಳುವ ಹಳೆಯ ಸ್ಟುವರ್ಡ್ ಅಥವಾ ಸ್ತ್ರೀಯರ ಸಂಘದ ಹಿರಿಯಕ್ಕ.

ಹುಟ್ಟಿದ ಮಗುವಿಗೆ ದೀಕ್ಷಾಸ್ನಾನವಾಗುತ್ತದೆ. ಬೆಳೆದ ಮೇಲೆ ಅದೇ ಮಗು ಸಭೆಯ ಮುಂದೆ ನಿಂತು ತಾನೇ ಮಾತು ಕೊಟ್ಟು ಪೂರ್ಣ ಸದಸ್ಯತ್ವ ಪಡೆಯುತ್ತದೆ. ಮದುವೆ ಗೊತ್ತಾದರೆ ವಧೂವರರ ಹೆಸರನ್ನು ಮೂರು ಭಾನುವಾರ ಓದಿ, ತಕರಾರಿದ್ದವರು ಹೇಳಿ ಎಂದು ಕೇಳುವ ವಾಡಿಕೆ ಇದೆ. ಸತ್ತರೆ ಕುಣಿ ತೋಡಲು, ಪೆಟ್ಟಿಗೆ ಹೊರಲು ಸಭೆಯವರೇ ಬರಬೇಕು. ಚಂದಾ ಬಾಕಿಯ ಮಾತು ಸಾವಿನ ಮನೆಯಲ್ಲೂ ತಲೆ ಎತ್ತಿದರೆ ಮನಸ್ಸು ಮುರಿಯುತ್ತದೆ. ಫಾಯ್ ಹೊತ್ತ ಹೊಣೆಯ ಅರ್ಧ ಮಾತ್ರ, ಅಂದರೆ ವಸೂಲಿ ಮಾತ್ರ ಉಳಿದ ಕಡೆ ಹೀಗಾಗುತ್ತದೆ.

ಎರಡು ದಾಖಲೆ

ಈ ಭಾಗದ ಬಹುಪಾಲು ಮೆಥೋಡಿಸ್ಟ್ ಕುಟುಂಬಗಳ ಮೂಲ ದಲಿತ ಕೇರಿಗಳು. ಊರಿನ ಕಟ್ಟೆ ಹತ್ತದ ಮನೆತನದವರಿಗೆ ಸಭೆಯಲ್ಲಿ ಕಮಿಟಿ ಸದಸ್ಯ, ಖಜಾಂಚಿ, ಸಂಡೆ ಸ್ಕೂಲ್ ಟೀಚರ್ ಎಂಬ ಹುದ್ದೆಗಳು ಸಿಕ್ಕವು. ಗೌರವ ಹೀಗೆ ಬಂದರೂ ಕಾನೂನು ಬೇರೆ ಪ್ರಶ್ನೆ ಕೇಳಿತು. 1950ರ ಪರಿಶಿಷ್ಟ ಜಾತಿಗಳ ಆದೇಶ ಆ ಸ್ಥಾನವನ್ನು ಹಿಂದೂಗಳಿಗೆ ಸೀಮಿತಗೊಳಿಸಿತು. 1956ರಲ್ಲಿ ಸಿಖ್ಖರು, 1990ರಲ್ಲಿ ಬೌದ್ಧರು ಸೇರಿದರು, ಕ್ರೈಸ್ತರು ಸೇರಲಿಲ್ಲ. ಕರ್ನಾಟಕದಲ್ಲಿ ಪರಿಶಿಷ್ಟ ಜಾತಿಯಿಂದ ಕ್ರೈಸ್ತರಾದವರು ಪ್ರವರ್ಗ-1ರಲ್ಲಿದ್ದಾರೆ. 2022ರ ಅಕ್ಟೋಬರಿನಲ್ಲಿ ಕೇಂದ್ರ ಸರ್ಕಾರ ಈ ಪ್ರಶ್ನೆಯನ್ನು ನ್ಯಾಯಮೂರ್ತಿ ಕೆ.ಜಿ. ಬಾಲಕೃಷ್ಣನ್ ಆಯೋಗಕ್ಕೆ ಒಪ್ಪಿಸಿತು. ಹೀಗಾಗಿ ಸಭೆಯ ಪುಸ್ತಕದಲ್ಲಿ ಹೆಸರು ಬರೆಸುವುದು ಇಲ್ಲಿ ಬರೀ ಭಕ್ತಿಯ ಕೆಲಸವಲ್ಲ. ಮಗನ ಸ್ಕಾಲರ್‌ಶಿಪ್ಪು, ನೌಕರಿಯ ಅರ್ಜಿ ಎರಡೂ ಕಣ್ಣ ಮುಂದೆ ಇರುತ್ತವೆ. ಮನೆಯಲ್ಲಿ ಒಂದು ಹೆಸರು, ಶಾಲೆಯ ದಾಖಲೆಯಲ್ಲಿ ಇನ್ನೊಂದು ಇದ್ದರೆ ಅದನ್ನು ಕಪಟ ಎನ್ನುವ ಮೊದಲು ಈ ಕಟ್ಟಿಹಾಕುವ ಸ್ಥಿತಿಯನ್ನು ನೋಡಬೇಕು.

ಮಳೆ ಕೈಕೊಟ್ಟ ವರ್ಷ ಅರ್ಧ ಸಭೆ ಬೆಂಗಳೂರು, ಮುಂಬೈ, ಪುಣೆಗೆ ಗುಳೆ ಹೋಗುತ್ತದೆ. ಊರು ಬಿಟ್ಟ ಸದಸ್ಯರಿಗೆ ವರ್ಗಾವಣೆ ಪತ್ರ ಕೊಡುವ ನಿಯಮವಿದ್ದರೂ ಕಟ್ಟಡ ಕೆಲಸದ ಶೆಡ್ಡಿನಲ್ಲಿ ಆರು ತಿಂಗಳು ಕಳೆಯುವವರು ಅದನ್ನು ಯಾವ ಚರ್ಚಿಗೆ ಕೊಡಬೇಕು? ಅವರು ಕ್ರಿಸ್‌ಮಸ್‌ಗೆ ಊರಿಗೆ ಬಂದಾಗ ವರ್ಷದ ಚಂದಾ ಒಟ್ಟಿಗೆ ಕಟ್ಟಿ ಹೆಸರು ಉಳಿಸಿಕೊಳ್ಳುತ್ತಾರೆ. ಕಮಿಟಿಗಳು ಇಂಥವರಿಗೆ ಬೇರೆಯೇ ಪಟ್ಟಿ ಇಟ್ಟು, ಫೋನಿನಲ್ಲಾದರೂ ಯೋಗಕ್ಷೇಮ ಕೇಳಲು ಒಬ್ಬೊಬ್ಬ ಲೀಡರನ್ನು ಗೊತ್ತುಮಾಡಬೇಕು.

ಇನ್ನೊಂದು ಕೆಲಸವೂ ಬಾಕಿ ಇದೆ. ದೀಕ್ಷಾಸ್ನಾನ, ಮದುವೆ, ಮಣ್ಣಿನ ಹಳೆಯ ರಿಜಿಸ್ಟರುಗಳಲ್ಲಿ ಭೂಮಿ ಇಲ್ಲದ ಕುಟುಂಬಗಳ ಅಜ್ಜ-ಅಜ್ಜಿಯರ ಹೆಸರುಗಳಿವೆ. ಪಹಣಿಯಲ್ಲಿ ಹುಡುಕಿದರೆ ಅವು ಸಿಗುವುದಿಲ್ಲ. ಗೆದ್ದಲು ಹಿಡಿಯುವ ಮೊದಲು ಯುವಜನರ ಸಂಘದವರು ಪುಟಪುಟವನ್ನೂ ಫೋಟೊ ತೆಗೆದು ಒಂದು ಪ್ರತಿಯನ್ನು ಸಭೆಯಲ್ಲಿ, ಇನ್ನೊಂದನ್ನು ಕಲಬುರಗಿಯ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ಇಡಲಿ. ಯಾದಗಿರಿಯವರು ಶುರುಮಾಡಿದರೆ ಶಹಾಪುರ, ಸುರಪುರದವರು ಹಿಂದೆ ಬೀಳಲಾರರು.