ಕಾರಿನ ಫೋಟೋ: ಯಾವುದನ್ನು ಅಳಿಸಬೇಕು, ಯಾವುದನ್ನು ಬಿಡಬೇಕು

ಕಾರಿನ ಫೋಟೋ ತೆಗೆಯೋಕೆ ಹೊಸದಾಗಿ ಶುರು ಮಾಡಿದವರು ನನ್ನನ್ನ ಮೊದಲು ಕೇಳೋದು, ಯಾವ ಕ್ಯಾಮೆರಾ ತಗೊಳ್ಳಲಿ ಅಂತ. ಕ್ಯಾಮೆರಾ ಆಮೇಲೆ ನೋಡೋಣ, ಮೊದಲು ಕಾರು ನಿಲ್ಲಿಸೋಕೆ ಒಳ್ಳೆ ಜಾಗ ಹುಡುಕಿ ಅಂತೀನಿ ನಾನು.

ಯಾಕಂದ್ರೆ ಕಾರಿನ ಮೈ ಅನ್ನೋದು ಕನ್ನಡಿ. ನೀವು ಕಾರಿನ ಫೋಟೋ ತೆಗೆದಿದ್ದೀನಿ ಅಂದ್ಕೊಂಡಿರ್ತೀರಿ, ಮನೆಗೆ ಬಂದು ನೋಡಿದ್ರೆ ಬಾಗಿಲ ಮೇಲೆ ಎದುರುಮನೆ ಕಾಂಪೌಂಡು, ಕರೆಂಟ್ ಕಂಬ, ಒಣಗೋಕೆ ಹಾಕಿದ ಬಟ್ಟೆ. ಹಳೇ ಅಂಬಾಸಿಡರ್ ಆದ್ರಂತೂ ಕೇಳಲೇಬೇಡಿ. 2014ರಲ್ಲೇ ಅದರ ತಯಾರಿಕೆ ನಿಂತರೂ ನನಗೆ ಈಗಲೂ ಅದರ ಮೇಲೆ ಆಸೆ. ಆದರೆ ಮೈಯೆಲ್ಲ ಉಬ್ಬು. ಸ್ಟೀಲ್ ಸೌಟಿನ ಬೆನ್ನಲ್ಲಿ ಇಡೀ ಅಡುಗೆಮನೆ ಕಾಣೋ ಹಾಗೆ, ಅದರ ಮಡ್‌ಗಾರ್ಡ್‌ನಲ್ಲಿ ಇಡೀ ಬೀದಿ ಕಾಣುತ್ತೆ, ನೀವೂ ಸೇರಿ.

ಅದಕ್ಕೇ ಬಯಲು ಬೇಕು. ಸೂರ್ಯ ಮುಳುಗಿದ ಮೇಲೆ ಹತ್ತಿಪ್ಪತ್ತು ನಿಮಿಷ ಸಿಗುತ್ತಲ್ಲ, ಆಗ ಇಡೀ ಆಕಾಶವೇ ಒಂದು ದೊಡ್ಡ ದೀಪ. ಬೆಳಕು ಕಾರಿನ ಭುಜದ ಮೇಲೆ ಉದ್ದಕ್ಕೆ ಒಂದು ಪಟ್ಟಿ ಎಳೆದ ಹಾಗೆ ಕೂರುತ್ತೆ. ಮೊಬೈಲ್ ಆದ್ರೆ ಹತ್ತಿರ ಹೋಗಬೇಡಿ, ಮೂತಿ ಉಬ್ಬಿಕೊಳ್ಳುತ್ತೆ. ಹಿಂದೆ ಸರಿದು ಎರಡು ಪಟ್ಟು ಜೂಮ್ ಹಾಕಿ, ಹೆಡ್‌ಲೈಟಿನ ಎತ್ತರಕ್ಕೆ ಕುಕ್ಕರುಗಾಲಲ್ಲಿ ಕೂತ್ಕೊಳ್ಳಿ. ಬಿಳಿ ಕಾರನ್ನ ಕ್ಯಾಮೆರಾ ಬೂದಿ ಮಾಡುತ್ತೆ, ಎಕ್ಸ್‌ಪೋಷರ್ ಸ್ವಲ್ಪ ಏರಿಸಿ. ಕಪ್ಪಿಗೆ ಇಳಿಸಿ. ಗಾಜಿನ ಮೇಲಿನ ಹೊಳಪಿಗೆ ಪೋಲರೈಸರ್ ಫಿಲ್ಟರ್ ತಿರುಗಿಸಿದ್ರೆ ಸಾಕು. ಕ್ರೋಮ್ ಬಂಪರ್ ಮೇಲೆ ಮಾತ್ರ ಅದರ ಆಟ ನಡೆಯಲ್ಲ, ಲೋಹ ನೋಡಿ.

ಇನ್ನು ಎಡಿಟಿಂಗ್. ನಾನು ಸೆಕೆಂಡ್‌ಹ್ಯಾಂಡ್ ಕಾರು ಮಾರೋರಿಗೆ ಫೋಟೋ ತೆಗೆದುಕೊಡ್ತೀನಿ. "ಈ ಗೀರು ಒಂಚೂರು ತೆಗೆದುಬಿಡಿ ಸಾರ್, ನಿಮಗೆ ಅರ್ಧ ನಿಮಿಷದ ಕೆಲಸ" ಅಂತಾರೆ. ನಿಜ, ಸ್ನ್ಯಾಪ್‌ಸೀಡ್‌ನಲ್ಲಿ ಬೆರಳು ಒತ್ತಿದ್ರೆ ಹೋಗುತ್ತೆ. ನಾನು ತೆಗೆಯಲ್ಲ. ಹಾಸನದಲ್ಲಿ ಕೂತು ಫೋಟೋ ನೋಡಿದವರು ರಜೆ ಹಾಕಿ, ಜೊತೆಗೊಬ್ಬ ಮೆಕ್ಯಾನಿಕ್‌ನ ಕರ್ಕೊಂಡು ಬೆಂಗಳೂರಿಗೆ ಬಸ್ಸಲ್ಲಿ ಬರ್ತಾರೆ. ಬಂದು ನೋಡಿದ್ರೆ ಬಾಗಿಲಲ್ಲಿ ಗೀರು. ಅವರ ಒಂದು ದಿನ ಹೋಯ್ತಲ್ಲ!

ನನ್ನ ಲೆಕ್ಕ ಇಷ್ಟೇ: ಬೆಳಕಿಗೆ ಸೇರಿದ್ದನ್ನ ಅಳಿಸ್ತೀನಿ, ಕಾರಿಗೆ ಸೇರಿದ್ದನ್ನ ಬಿಡ್ತೀನಿ. ಕಂಬದ ನೆರಳು ಹೋಗಲಿ, ತುಕ್ಕು ಇರಲಿ. ಧೂಳಿಗೆ ಎಡಿಟಿಂಗ್ ಬೇಡ, ಒಂದು ಬಕೆಟ್ ನೀರು ಬೇಕು. ಕಷ್ಟ ಆಗೋದು ಬಣ್ಣದಲ್ಲಿ. ಒಂದು ಬಾಗಿಲಿಗೆ ಮಾತ್ರ ಮತ್ತೆ ಪೇಂಟ್ ಹೊಡೆಸಿದ್ರೆ ಛಾಯೆ ಚೂರು ಬೇರೆ ಇರುತ್ತೆ. ಕಾಂಟ್ರಾಸ್ಟ್, ಸ್ಯಾಚುರೇಷನ್ ಇಳಿಸಿದ್ರೆ ಆ ವ್ಯತ್ಯಾಸ ಮುಚ್ಚಿಹೋಗುತ್ತೆ, ಯಾರೂ ಸುಳ್ಳು ಅನ್ನೋಕಾಗಲ್ಲ. ಅದಕ್ಕೆ ನಾನು ವೈಟ್ ಬ್ಯಾಲೆನ್ಸ್ ಸರಿ ಮಾಡಿ ಅಲ್ಲಿಗೇ ಕೈ ತೆಗೀತೀನಿ.

ಇದರಿಂದ ಒಬ್ಬರು ನನ್ನನ್ನ ಕರೆಯೋದೇ ಬಿಟ್ಟರು. ಇನ್ನೊಬ್ಬರು ಈಗ ತಾವಾಗೇ ಗೀರಿನ ಕ್ಲೋಸ್‌ಅಪ್ ಬೇರೆ ತೆಗೆಸ್ತಾರೆ, ಚೌಕಾಸಿ ಎಲ್ಲ ಫೋನಲ್ಲೇ ಮುಗಿಯುತ್ತಂತೆ.

ಹಾಂ, ಕಾರಿಗೇ ಸೇರಿದ್ದು ಒಂದನ್ನ ಮಾತ್ರ ನಾನು ಮಸುಕು ಮಾಡ್ತೀನಿ: ನಂಬರ್ ಪ್ಲೇಟ್. ಕೊಳ್ಳೋರು ಕೇಳಿದ್ರೆ ಮಾರೋರು ಫೋನಲ್ಲಿ ಹೇಳ್ತಾರೆ.