ಇಂಜಿನ್ ಬಿಚ್ಚುವ ಮುಂಚೆ



ಮಧುಗಿರಿ ಬಿಟ್ಟು ಮಿಡಿಗೇಶಿ ಮೇಲೆ ಪಾವಗಡಕ್ಕೆ ಹೋಗುವ ದಾರಿಯಲ್ಲಿ ಒಂದು ಏರು. ನಮ್ಮ ಮನೆಯ ಅಂಬಾಸಿಡರ್ ಅದನ್ನು ಟಾಪ್ ಗೇರಿನಲ್ಲೇ ಹತ್ತುತ್ತಿತ್ತು. ಬರಬರುತ್ತಾ ಮೂರನೆಯದಕ್ಕೆ ಬಂತು, ಕೊನೆಗೆ ಎರಡನೆಯದಕ್ಕೆ. ತೋರಿಸಿದ ಗ್ಯಾರೇಜಿನವರು ಎರಡು ನಿಮಿಷ ಕಿವಿಗೊಟ್ಟು, "ಕಂಪ್ರೆಷನ್ ಹೋಗಿದೆ ಸಾರ್, ರಿಂಗ್ ಹಾಕ್ಬೇಕು" ಅಂದರು. ಹಾಕಿಸಿದೆವು. ಹದಿನೈದು ದಿನ ಕಳೆದು ಗಾಡಿ ಬಂತು. ಅದೇ ಏರು, ಅದೇ ಎರಡನೇ ಗೇರು.

ಕಂಪ್ರೆಷನ್ ಹೋಗಿದ್ದು ನಿಜವೇ. ಎಲ್ಲಿಂದ ಹೋಗುತ್ತಿದೆ ಎಂದು ಯಾರೂ ಕೇಳಿರಲಿಲ್ಲ, ನಾನೂ ಸೇರಿದಂತೆ.

ಸೈಕಲ್ ಪಂಪಿನ ಬಾಯಿಗೆ ಹೆಬ್ಬೆರಳು ಅದುಮಿ ಒತ್ತಿ ನೋಡಿ. ಒಳಗಿನ ಗಾಳಿ ಎದುರು ನಿಲ್ಲುತ್ತದಲ್ಲ, ಅದೇ ಕಂಪ್ರೆಷನ್. ಇಂಜಿನ್ನಿನಲ್ಲಿ ಈ ಗಾಳಿ ಸೋರುವುದಕ್ಕೆ ಮುಖ್ಯವಾಗಿ ಮೂರು ದಾರಿ: ಪಿಸ್ಟನ್ನಿನ ಸುತ್ತಲ ರಿಂಗು, ತಲೆಯ ಮೇಲಿನ ವಾಲ್ವು, ಹೆಡ್ಡಿಗೂ ಬ್ಲಾಕಿಗೂ ನಡುವಿನ ಗ್ಯಾಸ್ಕೆಟ್.

ದಾರಿ ಯಾವುದೆಂದು ತಿಳಿಯಲು ಕಂಪ್ರೆಷನ್ ಗೇಜು ಸಾಕು. ಇಂಜಿನ್ ಬಿಸಿಯಾಗಿರಲಿ, ಗೇರು ನ್ಯೂಟ್ರಲ್‌ನಲ್ಲಿರಲಿ. ನಾಲ್ಕೂ ಪ್ಲಗ್ ಬಿಚ್ಚಿ, ಕಾಯಿಲ್ ವೈರು ತೆಗೆದಿಡಿ. ಇಲ್ಲದಿದ್ದರೆ ಪೆಟ್ರೋಲ್ ಆವಿಗೆ ಕಿಡಿ ತಾಗೀತು. ಒಂದೊಂದೇ ಪ್ಲಗ್ ತೂತಿಗೆ ಗೇಜು ಕೂರಿಸಿ ಹಿಡಿದಾಗ ಇನ್ನೊಬ್ಬರು ಆಕ್ಸಿಲರೇಟರ್ ಪೂರ್ತಿ ಒತ್ತಿ ಸೆಲ್ಫ್ ಹೊಡೆಯಲಿ. ಮುಳ್ಳು ಐದಾರು ಸಲ ನೆಗೆದು ನಿಂತ ಅಂಕಿಯನ್ನು ಬರೆದುಕೊಳ್ಳಿ. ನಮ್ಮ ಗಾಡಿಯಲ್ಲಿ ಬಂದದ್ದು 130, 125, 85, 130 ಪೌಂಡು.

ಗಾಡಿಯ ಪುಸ್ತಕದ ಅಂಕಿಗೆ ಇದನ್ನು ಹೋಲಿಸಿ ಗಾಬರಿಯಾಗಬೇಡಿ. ನಮ್ಮ ಸೀಮೆ ಸಮುದ್ರಮಟ್ಟಕ್ಕಿಂತ 600ರಿಂದ 800 ಮೀಟರ್ ಎತ್ತರದಲ್ಲಿದೆ. ಗಾಳಿಯ ಒತ್ತಡವೇ ನೂರಕ್ಕೆ ಏಳೆಂಟು ಪಾಲು ಕಡಿಮೆ, ಗೇಜೂ ಅಷ್ಟು ಕಡಿಮೆ ತೋರಿಸುತ್ತದೆ. ನಾಲ್ಕು ಸಿಲಿಂಡರುಗಳನ್ನು ಒಂದಕ್ಕೊಂದು ಹೋಲಿಸಿ. ನೂರಕ್ಕೆ ಹತ್ತು ಹದಿನೈದು ಪಾಲಿನ ವ್ಯತ್ಯಾಸ ಹಳೆಯ ಗಾಡಿಗೆ ಇದ್ದದ್ದೇ. 130ರ ಪಕ್ಕದಲ್ಲಿ 85 ಅಂದರೆ ಕಾಯಿಲೆ.

ಇನ್ನು ಒಂದು ಚಮಚ ಇಂಜಿನ್ ಆಯಿಲ್. ಒಣಗಿದ ಪಂಪಿನ ಚರ್ಮದ ವಾಷರಿಗೆ ಎಣ್ಣೆ ಬಿಟ್ಟರೆ ಗಾಳಿ ಮತ್ತೆ ಹಿಡಿಯುವುದನ್ನು ನೀವು ಬಲ್ಲಿರಿ. ಸೋರುವ ಸಿಲಿಂಡರಿಗೆ ಪ್ಲಗ್ ತೂತಿನಿಂದ ಅಷ್ಟೇ ಎಣ್ಣೆ ಬಿಟ್ಟು ಮತ್ತೆ ಅಳೆಯಿರಿ. ಅಂಕಿ ಚೆನ್ನಾಗಿ ಏರಿದರೆ ರಿಂಗು ಅಥವಾ ಬೋರು ಸವೆದಿದೆ; ಏರದಿದ್ದರೆ ಸೋರಿಕೆ ವಾಲ್ವಿನಲ್ಲೋ ಗ್ಯಾಸ್ಕೆಟ್ಟಿನಲ್ಲೋ. ನಮ್ಮದು 85ರಿಂದ 90ಕ್ಕೆ ಹೋಗಿ ನಿಂತಿತು. ಹೊಸ ರಿಂಗಿಗೆ ಕೊಟ್ಟ ದುಡ್ಡು ದಂಡ! ಸೋರುತ್ತಿದ್ದದ್ದು ವಾಲ್ವು.

ಅಕ್ಕಪಕ್ಕದ ಎರಡು ಸಿಲಿಂಡರ್ ಒಟ್ಟಿಗೇ ಬಿದ್ದಿದ್ದರೆ ನಡುವೆ ಗ್ಯಾಸ್ಕೆಟ್ ಹೋಗಿರುವುದು ಹೆಚ್ಚು. ಪಾವಗಡದ ಕಡೆಯ ಗಡಸು ಬೋರ್‌ವೆಲ್ ನೀರನ್ನು ವರ್ಷಗಟ್ಟಲೆ ರೇಡಿಯೇಟರಿಗೆ ಸುರಿದವರಿಗೆ ಇದು ಹೊಸದಲ್ಲ. ಒಳಗೆ ಬಿಳಿ ಹಕ್ಕಳೆ ಕಟ್ಟಿ, ಇಂಜಿನ್ ಕಾದು, ಗ್ಯಾಸ್ಕೆಟ್ ಸುಡುತ್ತದೆ.

ಅನುಮಾನ ಉಳಿದರೆ ಶಿರಾದಲ್ಲೋ ಕೊರಟಗೆರೆಯಲ್ಲೋ ಪಂಕ್ಚರ್ ಅಂಗಡಿಯ ಗಾಳಿಯೂ ನೆರವಾಗುತ್ತದೆ. ಎರಡೂ ವಾಲ್ವ್ ಮುಚ್ಚಿ ಪಿಸ್ಟನ್ ಮೇಲಿರುವಾಗ, ಗೇರು ಹಾಕಿ ಹ್ಯಾಂಡ್‌ಬ್ರೇಕ್ ಎಳೆದು, ಪ್ಲಗ್ ತೂತಿನಿಂದ ಗಾಳಿ ಬಿಡಿ. ಬುಸ್ಸೆನ್ನುವ ಸದ್ದು ಕಾರ್ಬುರೇಟರಿನಲ್ಲಿ ಕೇಳಿದರೆ ಇನ್‌ಲೆಟ್ ವಾಲ್ವು, ಆಯಿಲ್ ಹಾಕುವ ಬಾಯಲ್ಲಿ ಕೇಳಿದರೆ ರಿಂಗು. ರೇಡಿಯೇಟರಿನಲ್ಲಿ ಗುಳ್ಳೆ ಎದ್ದರೆ ಗ್ಯಾಸ್ಕೆಟ್. ನಮಗೆ ಕೇಳಿಸಿದ್ದು ಸೈಲೆನ್ಸರಿನಲ್ಲಿ, ಎಂದರೆ ಎಕ್ಸಾಸ್ಟ್ ವಾಲ್ವು.

ಅದು ಯಾಕೆ ಕೆಟ್ಟಿತು? ಅಂಬಾಸಿಡರ್‌ನ 1489 ಸಿಸಿ ಇಂಜಿನ್ ಸೀಸ ಬೆರೆತ ಪೆಟ್ರೋಲಿನ ಕಾಲದ್ದು. ಎರಕದ ಕಬ್ಬಿಣದ ಹೆಡ್ಡಿನಲ್ಲಿ ವಾಲ್ವ್ ಕೂರುವ ಸೀಟಿಗೆ ಆ ಸೀಸವೇ ಕಾವಲು. 2000ದ ಫೆಬ್ರವರಿಯಿಂದ ದೇಶದಲ್ಲೆಲ್ಲ ಸೀಸವಿಲ್ಲದ ಪೆಟ್ರೋಲೇ. ಸೀಟು ತುಸುತುಸುವೇ ತಗ್ಗಿದಂತೆ ವಾಲ್ವ್ ಮೇಲೇರಿ, ಟ್ಯಾಪೆಟ್ಟಿನ ಸಂದು ಮುಚ್ಚುತ್ತದೆ. ಇರಬೇಕಾದದ್ದು ಇಂಚಿನ ಸಾವಿರದಲ್ಲಿ ಹದಿನೈದು ಪಾಲು; ನಮ್ಮ ಮೂರನೇ ಸಿಲಿಂಡರಿನಲ್ಲಿ ಫೀಲರ್ ಗೇಜಿನ ತೆಳ್ಳನೆ ಎಲೆಯೂ ತೂರಲಿಲ್ಲ. ಪೂರ್ತಿ ಮುಚ್ಚದ ವಾಲ್ವಿನ ಅಂಚು ಸುಟ್ಟಿತ್ತು. ಒಂದು ವಾಲ್ವ್ ಬದಲಿಸಿ, ಗಟ್ಟಿ ಸೀಟು ಕೂರಿಸಿ, ಟ್ಯಾಪೆಟ್ ಸರಿಮಾಡಿದ ಮೇಲೆ ಗಾಡಿ ಆ ಏರನ್ನು ಮತ್ತೆ ಟಾಪಿನಲ್ಲಿ ಹತ್ತಿತು.

ಮನೆಯಲ್ಲಿ ಹಳೆಯ ಗಾಡಿ ಇಟ್ಟುಕೊಂಡವರು ಒಂದು ಚೀಟಿಯಲ್ಲಿ ನಾಲ್ಕು ಸಿಲಿಂಡರಿನ ಅಂಕಿ ಬರೆದುಕೊಂಡೇ ಗ್ಯಾರೇಜಿಗೆ ಹೋಗಿ.